ವರಾಂಡದ ಬೆಂಚಿನಲ್ಲಿ ಹಾಂಗ್‌ಕಾಂಗ್

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಹಾಂಗ್‌ಕಾಂಗ್ ಬ್ರಿಟನ್ ಕೈಯಿಂದ ಚೀನಾದ ಕೈ ಸೇರಿದ ಪಾಠವನ್ನು ಎರಡು ವರ್ಷ ಬರೀ ಇಸವಿ ಬರೆಸಿ ಮುಗಿಸಿದ್ದೆ. 1984ರ ಡಿಸೆಂಬರ್ 19, ಎರಡೂ ದೇಶಗಳ ಒಪ್ಪಂದಕ್ಕೆ ಸಹಿ. 1990ರ ಏಪ್ರಿಲ್ 4, ಹಸ್ತಾಂತರದ ನಂತರ ಹಾಂಗ್‌ಕಾಂಗ್‌ಗೆ ಸಂವಿಧಾನದಂತಿರುವ ಮೂಲ ಕಾನೂನಿಗೆ ಚೀನಾದ ಸಂಸತ್ತಿನ ಒಪ್ಪಿಗೆ. 1997ರ ಜುಲೈ 1, ಹಸ್ತಾಂತರ. ಸಹಿಗೂ ಕಾನೂನಿಗೂ ನಡುವೆ ಐದು ವರ್ಷ ಏನಾಯ್ತು ಅಂತ ಯಾರೂ ಕೇಳಲಿಲ್ಲ. ತಿರುಳೆಲ್ಲ ಇರುವುದೇ ಅಲ್ಲಿ.

ಮೂರನೇ ವರ್ಷ ತರಗತಿಯನ್ನು ಮೂರು ಪಾಲು ಮಾಡಿದೆ. ಕಿಟಕಿ ಕಡೆಯವರು ಲಂಡನ್, ಗೋಡೆ ಕಡೆಯವರು ಬೀಜಿಂಗ್. ಉಳಿದವರು ಹಾಂಗ್‌ಕಾಂಗ್. ಅವರನ್ನು ವರಾಂಡದ ಬೆಂಚಿಗೆ ಕಳಿಸಿ ಬಾಗಿಲು ಮುಂದಕ್ಕೆಳೆದೆ.

ಮೊದಲು ಒಂದು ಗಂಟು ಬಿಡಿಸಬೇಕಿತ್ತು. ಆ ಮೂಲ ಕಾನೂನಿನ ಕರಡು ಬರೆದ ಸಮಿತಿಯಲ್ಲಿ 59 ಜನ. ಹಾಂಗ್‌ಕಾಂಗ್‌ನವರು 23, ಮಿಕ್ಕವರು ಚೀನಾದವರು. ಬ್ರಿಟನ್‌ಗೆ ಒಂದು ಕುರ್ಚಿಯೂ ಇಲ್ಲ. ಆದರೆ 1997ರವರೆಗೆ ಆಡಳಿತ ಅದರ ಕೈಯಲ್ಲೇ. ಬ್ರಿಟನ್ ಕಾಲದಲ್ಲಿ ಆರಿಸಿಬಂದ ಶಾಸನ ಮಂಡಳಿ ಆಮೇಲೂ ಮುಂದುವರಿಯಬೇಕೆಂದರೆ ಅದು ಹೊಸ ಕಾನೂನಿಗೆ ಹೊಂದಬೇಕು. ಹಾಗಾಗಿ ಕಾನೂನು ಗಟ್ಟಿಯಾಗುವ ಮುಂಚೆಯೇ ಬೀಜಿಂಗ್ ಜೊತೆ ಮಾತು ಕುದುರಿಸಬೇಕು. ಬೀಜಿಂಗ್‌ಗೂ ಗಲಾಟೆಯಿಲ್ಲದೆ ಊರು ಕೈಗೆ ಬರಬೇಕು.

1990ರ ಜನವರಿ, ಫೆಬ್ರವರಿಯಲ್ಲಿ ಬ್ರಿಟನ್‌ನ ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ ಮತ್ತು ಚೀನಾದ ಚಿಯೆನ್ ಚಿಚೆನ್ ನಡುವೆ ಏಳು ಪತ್ರಗಳು ಓಡಾಡಿದವು. ನಮ್ಮಲ್ಲೂ ಏಳೇ ಚೀಟಿ, ಮಾತಿಲ್ಲ. ಪ್ರಶ್ನೆ ಒಂದೇ: ಶಾಸನ ಮಂಡಳಿಯ 60 ಸ್ಥಾನಗಳಲ್ಲಿ ಜನ ನೇರವಾಗಿ ಆರಿಸುವುದು ಎಷ್ಟು?

ಲಂಡನ್ 30 ಅಂತ ಶುರು ಮಾಡಿತು, ಬೀಜಿಂಗ್ 12. ಐದನೇ ಚೀಟಿಯಲ್ಲಿ ಲಂಡನ್‌ನ ಹುಡುಗಿ 26 ಬರೆದು, ಸ್ವಲ್ಪ ಹೊತ್ತು ಸುಮ್ನೆ ನೋಡಿ, ಹೊಡೆದುಹಾಕಿ 22 ಅಂತ ಬರೆದಳು. ಹೊಡೆದ ರಭಸಕ್ಕೆ ಕಾಗದ ಹರಿಯಿತು. ಕೊನೆಗೆ ಇಬ್ಬರೂ ಒಪ್ಪಿದ್ದು 21ಕ್ಕೆ. ನಿಜವಾಗಿ ಆದದ್ದು 1991ಕ್ಕೆ 18, 1997ಕ್ಕೆ 20. ಬ್ರಿಟನ್ ಏನೂ ಮಾಡಲಿಲ್ಲ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಕುರ್ಚಿ ಇಲ್ಲದ ಕಡೆ ಪತ್ರದಲ್ಲೇ ಒಂದು ಅಂಕಿ ಕೂರಿಸಿತು, ಅದು ಸಣ್ಣ ಕೆಲಸವಲ್ಲ. ಆದರೆ ಯಾರಿಗಾಗಿ ಆ ಅಂಕಿಯೋ ಅವರು ಬಾಗಿಲಾಚೆ ಇದ್ದರು.

ಬಾಗಿಲು ತೆಗೆದೆ. "ಎಷ್ಟಾಯ್ತು ಸಾರ್?" ಅಂದರು. ಹೇಳಿದೆ. ಅವರೂ ಒಂದು ಹಾಳೆಯಲ್ಲಿ 30 ಬರೆದಿಟ್ಟುಕೊಂಡಿದ್ದರು. ಹಾಂಗ್‌ಕಾಂಗ್‌ನ ಮಂಡಳಿ ಸದಸ್ಯರು ಕೂಡ 1997ರ ಹೊತ್ತಿಗೆ ಅರ್ಧ ಸ್ಥಾನವಾದರೂ ಬೇಕು ಅಂತಲೇ ಕೇಳಿದ್ದರು.

"1924ರಲ್ಲಿ ಮೈಸೂರು, ಮದ್ರಾಸಿನವರು ಕಾವೇರಿ ಒಪ್ಪಂದ ಮಾಡ್ಕೊಂಡಾಗ ನಮ್ಮ ಕಡೆ ರೈತರನ್ನ ಯಾರಾದ್ರೂ ಕೇಳಿದ್ರಾ ಸಾರ್?" ಅಂದ ಶ್ರೀರಂಗಪಟ್ಟಣ ಕಡೆಯ ಹುಡುಗ. ನೀರಿನ ಒಪ್ಪಂದ ಬೇರೆ, ಒಂದು ಊರಿನ ಸಂವಿಧಾನ ಬೇರೆ. ಆದರೆ ಅವನ ಪ್ರಶ್ನೆ ಸರಿಯಾಗಿಯೇ ಇತ್ತು, ಅಲ್ವಾ? ಹಾಗಂತ ಅವನಿಗೂ ಹೇಳಿದೆ.

ಆ ಏಳು ಪತ್ರಗಳು ಜನರ ಕಣ್ಣಿಗೆ ಬಿದ್ದದ್ದು 1992ರಲ್ಲಿ. ನಾನೂ ಚೀಟಿಗಳನ್ನು ಆಮೇಲೆ ವರಾಂಡದವರ ಕೈಗೆ ಕೊಟ್ಟೆ. ಬೆಂಚಿನ ಮೇಲೆ ಸಾಲಾಗಿ ಜೋಡಿಸಿ ಓದಿದರು. ಐದನೆಯದನ್ನು ಒಬ್ಬಳು ಬೆಳಕಿಗೆ ಹಿಡಿದಳು. "26 ಅಂತ ಇತ್ತು ಸಾರ್. ಯಾರು ಹೊಡೆದುಹಾಕಿದ್ದು?"

ಕಿಟಕಿ ಕಡೆಯ ಹುಡುಗಿ ಎದ್ದು ನಿಂತಳು.