ಹಟ ಹಿಡಿದ ಮಗುವನ್ನು ಸಂಭಾಳಿಸುವ ಬಗೆ

ಸಿಟ್ಟನ್ನು ತಡೆದುಕೊಳ್ಳುವುದನ್ನೂ ಇತರ ಮಕ್ಕಳೊಡನೆ ಹೊಂದಿಕೊಂಡು ಆಡುವುದನ್ನೂ ಮಗು ಮೊದಲು ಕಲಿಯುವುದು ಮನೆಯವರನ್ನು ನೋಡಿಯೇ. ಅಮೆರಿಕದ ಮನೋವಿಜ್ಞಾನಿ ಡಯಾನಾ ಬೌಮ್ರಿಂಡ್ 1960ರ ದಶಕದಲ್ಲಿ ಪೋಷಕರಲ್ಲಿ ಮೂರು ಬಗೆಯವರನ್ನು ಗುರುತಿಸಿದರು: ಕಾರಣ ಹೇಳದೆ ಅಪ್ಪಣೆ ಮಾಡುವವರು, ಕೇಳಿದ್ದಕ್ಕೆಲ್ಲ ಒಪ್ಪಿಬಿಡುವವರು, ಅಕ್ಕರೆಯಿಂದಲೇ ಮಿತಿ ಹಾಕಿ ಅದರ ಕಾರಣವನ್ನೂ ತಿಳಿಸುವವರು. ಮಗುವಿನ ಗೊಡವೆಗೇ ಹೋಗದವರ ಗುಂಪು 1983ರಲ್ಲಿ ಇದಕ್ಕೆ ಸೇರಿತು. ನಮ್ಮಲ್ಲಿ ಬಹಳ ಮಂದಿ ಬೆಳಗ್ಗೆ ಗದರಿಸಿ, ಸಂಜೆ ಮನಸ್ಸು ಕರಗಿ, ಬೇಡವೆಂದದ್ದನ್ನೇ ಕೊಡಿಸುತ್ತಾರೆ. ಆಗ ಯಾವ ಮಾತನ್ನು ನಂಬಬೇಕೆಂಬುದು ಮಗುವಿಗೆ ತಿಳಿಯುವುದಿಲ್ಲ.

ದಾವಣಗೆರೆಯ ಯಾವುದಾದರೂ ಬಡಾವಣೆಯ ಪಾರ್ಕಿನಲ್ಲಿ ನಾಲ್ಕು ವರ್ಷದ ಮಗಳು ಜೋಕಾಲಿಯಿಂದ ಇಳಿಯಲೊಲ್ಲೆ ಎನ್ನುತ್ತಾಳೆ, ಪಕ್ಕದಲ್ಲಿ ಇನ್ನೊಂದು ಮಗು ಕಾಯುತ್ತಿದೆ ಎಂದುಕೊಳ್ಳಿ. ಇಳಿಸುವ ಮೊದಲೇ, “ಇನ್ನು ಐದು ಸಲ ಜೀಕು ಪುಟ್ಟಿ, ಆಮೇಲೆ ಆ ತಮ್ಮನ ಸರದಿ” ಎಂದು ತಿಳಿಸಿ, ಅವಳೊಂದಿಗೆ ಎಣಿಸಿ. ಐದಾದ ಮೇಲೆ ಅತ್ತರೂ ಇಳಿಸಿ. ನಂತರ ಅವಳ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು, “ಇನ್ನೂ ಆಡಬೇಕು ಅಂತ ಆಸೆ ಇತ್ತು, ಅದಕ್ಕೇ ಸಿಟ್ಟು ಬಂದಿದೆ, ಅಲ್ವಾ? ಆದ್ರೆ ಅವನೂ ಆಗಿಂದ ಕಾಯ್ತಿದ್ದಾನೆ” ಎನ್ನಿ. ಅಳು ನಿಲ್ಲುವವರೆಗೆ ಉಪದೇಶ ಬೇಡ. ಜೋರಾಗಿ ಅಳುವ ಮಗುವಿನ ಕಿವಿಗೆ ಕಾರಣಗಳು ಬೀಳುವುದಿಲ್ಲ, ಹತ್ತಿರವಿದ್ದರೆ ಸಾಕು. ತನ್ನೊಳಗಿನ ಸಂಕಟಕ್ಕೆ ಹೆಸರು ಸಿಕ್ಕ ಮಗು ಕ್ರಮೇಣ ಹೊಡೆಯುವ, ಕಚ್ಚುವ ಬದಲು ಬಾಯಿಬಿಟ್ಟು ಹೇಳಲು ಕಲಿಯುತ್ತದೆ, ಎದುರಿನವರ ಮುಖ ನೋಡಿ ಅವರ ಬೇಸರವನ್ನು ಊಹಿಸುವುದಕ್ಕೂ ತೊಡಗುತ್ತದೆ.

“ಗುಮ್ಮ ಬರ್ತಾನೆ”, “ಪೊಲೀಸರಿಗೆ ಹಿಡಿದುಕೊಡ್ತೀನಿ” ಎಂಬ ಮಾತುಗಳನ್ನು ದಯವಿಟ್ಟು ಬಿಟ್ಟುಬಿಡಿ. ಅವು ಆ ಕ್ಷಣಕ್ಕೆ ಬಾಯಿ ಮುಚ್ಚಿಸುತ್ತವೆ, ಸಹನೆಯನ್ನು ಕಲಿಸುವುದಿಲ್ಲ. ಮೇಲಾಗಿ, ದಾರಿ ತಪ್ಪಿದ ದಿನ ಸಹಾಯ ಕೇಳಬೇಕಾದವರ ಬಗ್ಗೆಯೇ ಮಗುವಿನಲ್ಲಿ ಭಯ ಹುಟ್ಟಿಸುತ್ತವೆ.

ಕೂಡು ಕುಟುಂಬದಲ್ಲಿ ನಿಜವಾದ ತೊಡಕು ಬೇರೆಯೇ ಇದೆ. ಊಟದ ಹೊತ್ತಿನಲ್ಲಿ ಅಮ್ಮ ಮೊಬೈಲ್ ಕೊಡದಿದ್ದರೆ ಮಗು ನೇರವಾಗಿ ಅಜ್ಜಿಯ ಬಳಿಗೆ ಓಡುತ್ತದೆ, ಅಜ್ಜಿ ಮೊಮ್ಮಗು ಎರಡು ತುತ್ತು ಹೆಚ್ಚು ತಿನ್ನಲೆಂದು ಕೊಟ್ಟುಬಿಡುತ್ತಾರೆ. ಮಗುವಿನ ಎದುರಿಗೆ ಹಿರಿಯರನ್ನು ಆಕ್ಷೇಪಿಸಬೇಡಿ. ಅದು ಮಲಗಿದ ಮೇಲೆ, “ಅತ್ತೆ, ಊಟಕ್ಕೆ ಕೂತಾಗ ಮೊಬೈಲ್ ಬೇಡ ಅಂದ್ಕೊಂಡಿದೀವಿ, ನೀವು ಒಂದು ಕಥೆ ಹೇಳಿದ್ರೆ ಅವನು ಕೂತು ತಿಂತಾನೆ” ಎಂದು ಕೇಳಿಕೊಳ್ಳಿ. ಮನೆಯವರೆಲ್ಲ ಒಪ್ಪುವ ಎರಡು-ಮೂರು ನಿಯಮಗಳಷ್ಟನ್ನೇ ಇಟ್ಟುಕೊಂಡು, ಅವನ್ನು ಅಂಗನವಾಡಿ ಕಾರ್ಯಕರ್ತೆಗೂ ತಿಳಿಸಿಡಿ.