ಆತಿಥ್ಯೋದ್ಯಮದಲ್ಲಿ ಮುಂದಾಳಾಗಬೇಕೆನ್ನುವ ಮಲೆನಾಡಿನ ಯುವಜನರಿಗೆ

ತೋಟದಲ್ಲೊಂದು ಹಳೆಯ ಮನೆಯಿದ್ದರೆ ಸಾಕು, ಹೋಂಸ್ಟೇ ತಾನಾಗಿ ನಡೆಯುತ್ತದೆ ಎಂಬ ಮಾತು ಚಿಕ್ಕಮಗಳೂರಿನ ಕಡೆ ಬಹಳ ಕೇಳಿಬರುತ್ತದೆ. ಬಾಗಿಲು ತೆರೆಯುವುದಕ್ಕೆ ಅಷ್ಟು ಸಾಕಾದೀತು. ಆದರೆ ಹತ್ತಾರು ಜನರಿಗೆ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಒಂದೇ ಸಮನೆ ಸಂಬಳ ಕೊಡಬಲ್ಲ ಸಂಸ್ಥೆಯೊಂದನ್ನು ನಡೆಸುವ ಮಟ್ಟಕ್ಕೆ ಬೆಳೆಯಬೇಕೆನ್ನುವವರು ಈ ವೃತ್ತಿಯನ್ನು ಕೈಯಾರೆ, ಕೆಳಗಿನ ಮೆಟ್ಟಿಲಿನಿಂದಲೇ ಕಲಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಿಯುಸಿ ಮುಗಿಸಿದವರು ಎನ್‌ಸಿಎಚ್‌ಎಂ ಜೆಇಇ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್‌ನಂಥ ಸಂಸ್ಥೆಗಳಲ್ಲಿ 3 ವರ್ಷದ ಬಿ.ಎಸ್ಸಿ. ಪದವಿಗೆ ಸೇರಬಹುದು. ಅದು ಕೈಗೂಡದಿದ್ದರೆ ಧೃತಿಗೆಡಬೇಕಿಲ್ಲ. ಒಬೆರಾಯ್ ಹೋಟೆಲುಗಳನ್ನು ಕಟ್ಟಿದ ಮೋಹನ್ ಸಿಂಗ್ ಒಬೆರಾಯ್ ಅವರು ಶಿಮ್ಲಾದ ಸೆಸಿಲ್ ಹೋಟೆಲಿನಲ್ಲಿ ಗುಮಾಸ್ತರಾಗಿ ಆರಂಭಿಸಿ, 1934ರಲ್ಲಿ ಅದೇ ಊರಿನ ಕ್ಲಾರ್ಕ್ಸ್ ಹೋಟೆಲನ್ನು ಕೊಂಡವರು.

ಓದಿ ಬಂದಿರಲಿ, ನೇರವಾಗಿ ಕೆಲಸಕ್ಕೆ ಸೇರಿರಲಿ, ಮೊದಲ ಕೆಲವು ವರ್ಷಗಳಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಫ್ರಂಟ್ ಆಫೀಸ್, ಕೋಣೆಗಳನ್ನು ಅಚ್ಚುಕಟ್ಟಾಗಿಡುವ ಹೌಸ್‌ಕೀಪಿಂಗ್, ಅಡುಗೆಮನೆ ಮತ್ತು ಊಟ ಬಡಿಸುವ ವಿಭಾಗ ಈ ನಾಲ್ಕರಲ್ಲೂ ದುಡಿಯುವ ಅವಕಾಶವನ್ನು ಕೇಳಿ ಪಡೆಯಿರಿ. ಹೆಚ್ಚಿನವರು ಹೌಸ್‌ಕೀಪಿಂಗನ್ನು ಕೀಳೆಂದು ದೂರವಿಡುತ್ತಾರೆ. ನನ್ನ ಅನುಭವದಲ್ಲಿ ಉದ್ಯಮದ ಲಾಭ ನಷ್ಟಗಳು ತಿಳಿಯುವುದೇ ಅಲ್ಲಿ. ಹಾಸಿಗೆಗೊಂದು, ಒಗೆಯುವಲ್ಲೊಂದು, ಬೀರುವಿನಲ್ಲೊಂದು ಎಂದು ಪ್ರತಿ ಮಂಚಕ್ಕೆ 3 ಜೊತೆ ಬೆಡ್‌ಶೀಟ್ ಇರಬೇಕೆಂಬುದು ಸಾಮಾನ್ಯ ಲೆಕ್ಕವಾದರೂ, ಜುಲೈ ತಿಂಗಳಿನಲ್ಲಿ ನಾಲ್ಕು ದಿನವಾದರೂ ಬಟ್ಟೆ ಒಣಗದ ನಮ್ಮ ಊರಿಗೆ ನಾಲ್ಕನೆಯ ಜೊತೆಯೂ ಬೇಕೆಂಬುದು ಕೋಣೆ ಗುಡಿಸಿದವರಿಗಷ್ಟೇ ಹೊಳೆಯುತ್ತದೆ.

ಎರಡನೆಯದಾಗಿ ಲೆಕ್ಕ ಕಲಿಯಿರಿ. 8 ಕೋಣೆಗಳಿದ್ದರೆ 30 ದಿನದ ತಿಂಗಳಿಗೆ 240 ರಾತ್ರಿಗಳು ಮಾರಾಟಕ್ಕಿರುತ್ತವೆ. 3,000 ರೂಪಾಯಿಯಂತೆ 96 ರಾತ್ರಿ ಮಾರಿದರೆ 2,88,000 ರೂಪಾಯಿ ಬರುತ್ತದೆ. ಬಾಡಿಗೆಯನ್ನು 2,500ಕ್ಕೆ ಇಳಿಸಿ 120 ರಾತ್ರಿ ಮಾರಿದರೆ 3,00,000 ಬರುತ್ತದೆ, ಅಂದರೆ 12,000 ಹೆಚ್ಚು. ಆದರೆ ಆ ಹೆಚ್ಚುವರಿ 24 ರಾತ್ರಿಗಳ ಬೆಳಗಿನ ತಿಂಡಿ, ಒಗೆತ, ಬಿಸಿನೀರಿಗೆ ತಲಾ 600 ರೂಪಾಯಿ ಖರ್ಚಾದರೆ 14,400 ಹೋಗುತ್ತದೆ. ಕೋಣೆಗಳು ತುಂಬಿದವು, ಕೆಲಸವೂ ಹೆಚ್ಚಿತು, ಕೈಗೆ ಬಂದದ್ದು ಮಾತ್ರ 2,400 ರೂಪಾಯಿ ಕಡಿಮೆ. ಬುಕಿಂಗ್ ಜಾಲತಾಣಗಳ ಕಮಿಷನ್ನನ್ನು ಇನ್ನೂ ಕಳೆದಿಲ್ಲ ಎಂಬುದನ್ನೂ ನೆನಪಿಡಿ. ಬಾಡಿಗೆ ಇಳಿಸುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಲೇಬೇಕು.

ನಮ್ಮಲ್ಲಿ ಶನಿವಾರ ಭಾನುವಾರ ಕೋಣೆ ಸಿಗುವುದಿಲ್ಲ, ಮಂಗಳವಾರ ಅತಿಥಿ ಸಿಗುವುದಿಲ್ಲ. ವಾರದ ನಡುವಿನ ದಿನಗಳನ್ನು ತುಂಬಿಸುವ ಉಪಾಯ ಸುತ್ತಲಿನ ನೆಲದಲ್ಲೇ ಇದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಮೊದಲೆರಡನ್ನು ಚಿಕ್ಕಮಗಳೂರಿನಿಂದ ಒಂದೇ ದಿನದಲ್ಲಿ ಸಾವಕಾಶವಾಗಿ ನೋಡಿ ಬರಬಹುದು. ಶಿಲ್ಪ ನೋಡಲು ಬರುವವರಿಗೆ ರಜಾದಿನವೇ ಆಗಬೇಕೆಂದಿಲ್ಲ. ಕಾಫಿ ಗಿಡಗಳನ್ನು ಅರಳಿಸುವ ಹೂಮಳೆಯಾದ ಕೆಲವು ದಿನಗಳಲ್ಲಿ ಬಿಳಿಯ ಹೂವಿನಿಂದ ಘಮಘಮಿಸುವ ತೋಟವನ್ನೂ, ನವೆಂಬರ್ ನಂತರದ ಕೊಯ್ಲನ್ನೂ, ಕಣದಲ್ಲಿ ಕಾಫಿ ಒಣಗುವುದನ್ನೂ ತೋರಿಸಬಲ್ಲ ಊರು ನಮ್ಮದು. ಅವನ್ನು ಮುಂಚಿತವಾಗಿ ತಿಳಿಸಿ ಕರೆಯಬೇಕು.

ಆಡಳಿತದ ಆದೇಶಗಳನ್ನು ದಿನವೂ ಓದುವ ಅಭ್ಯಾಸವಿರಲಿ. ಒಂದು ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಸಲುವಾಗಿ ಗಿರಿಶ್ರೇಣಿಗೆ ಪ್ರವಾಸಿಗರ ಪ್ರವೇಶ ನಿರ್ಬಂಧಿಸಿದ್ದನ್ನು ನಾನು ಗಮನಿಸಿರಲಿಲ್ಲ. ಮುಳ್ಳಯ್ಯನಗಿರಿಗೆಂದೇ ಬೆಂಗಳೂರಿನಿಂದ ಬಂದಿದ್ದ 12 ಜನರ ಕುಟುಂಬಕ್ಕೆ ಬೆಳಗ್ಗೆ ಕಾಫಿ ಕೊಡುವಾಗ ಅದನ್ನು ಹೇಳಬೇಕಾಯಿತು. ಅವರ ಜೊತೆಗಿದ್ದ ಅಜ್ಜಿಯ ಮುಖ ನನಗೆ ಇಂದಿಗೂ ಕಣ್ಣ ಮುಂದಿದೆ. ಅಂದಿನಿಂದ ಅತಿಥಿಗಳು ತಮ್ಮ ಊರಿನಿಂದ ಹೊರಡುವ ಎರಡು ದಿನ ಮೊದಲೇ ರಸ್ತೆ, ಮಳೆ, ನಿರ್ಬಂಧಗಳ ವಿವರವನ್ನು ಫೋನಿನಲ್ಲಿ ತಿಳಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿದ್ದೇನೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಆಹಾರ ಸುರಕ್ಷತಾ ನೋಂದಣಿ, ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕಾದ ಮಾಹಿತಿ ಇವುಗಳಲ್ಲಿ ಲೋಪವಾಗಬಾರದು.

ಕೊನೆಗೆ ನಿಮ್ಮನ್ನು ಮುಂದಾಳು ಎಂದು ಒಪ್ಪಬೇಕಾದವರು ನಿಮ್ಮ ಕೆಲಸಗಾರರು. ಅವರಿಗೆ ಅತಿಥಿಗಳಿಗಿಂತ ಮೊದಲೇ ಬಿಸಿ ಊಟ ಸಿಗಲಿ. ಅಕ್ಕಿ ಕಡುಬನ್ನು ನಿಮಗಿಂತ ಚೆನ್ನಾಗಿ ಮಾಡುವ ಅಕ್ಕನಿಗೆ ಅಡುಗೆಮನೆಯ ಖರೀದಿಯ ಲೆಕ್ಕವನ್ನೂ ಕಲಿಸಿ, ವರ್ಷದೊಳಗೆ ಆ ಪುಸ್ತಕವನ್ನು ಅವರ ಕೈಗೇ ಕೊಡಿ. ಮಳೆಗಾಲದಲ್ಲಿ ಕೆಲಸದಿಂದ ಬಿಡಿಸಿದವರು ಅಕ್ಟೋಬರಿನಲ್ಲಿ ಹಿಂದಿರುಗುವುದಿಲ್ಲ. ಕಲಿಸಿದ್ದೆಲ್ಲ ಅವರೊಂದಿಗೆ ಹೊರಟುಹೋಗುತ್ತದೆ. ಆದುದರಿಂದ ಬ್ಯಾಂಕಿನ ಸಾಲ ಪಡೆದು ಎರಡನೆಯ ಕಟ್ಟಡಕ್ಕೆ ಕೈಹಾಕುವ ಮುನ್ನ, ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳ ಸಂಬಳದಷ್ಟು ಹಣವನ್ನು ಬೇರೆ ಖಾತೆಯಲ್ಲಿ ತೆಗೆದಿಡಿ.