ಒಂದು ಶ್ಲೋಕ, ಒಂದು ವಾರ

ಮುಂಬೈಯ ಎಷ್ಟೋ ಕನ್ನಡ ಮನೆಗಳಲ್ಲಿ ಊರಿನಿಂದ ಬಂದ ಭಗವದ್ಗೀತೆಯ ಪುಸ್ತಕ ದೇವರ ಗೂಡಿನಲ್ಲಿರುತ್ತದೆ. ದಿನವೂ ಕುಂಕುಮ ಬೀಳುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ದಿನಕ್ಕೊಂದು ಅಧ್ಯಾಯ ಓದಿ 18 ದಿನಕ್ಕೆ ಮುಗಿಸುತ್ತೇನೆಂದು ನಾನು ಎರಡು ಸಲ ಹೊರಟಿದ್ದೆ. ಎರಡು ಸಲವೂ ನಾಲ್ಕನೆಯ ದಿನ ನಿಂತಿತು. ಈಗ ವಾರಕ್ಕೆ ಒಂದೇ ಶ್ಲೋಕ. ಹೊಸಬರಿಗೂ ಇದನ್ನೇ ಹೇಳುತ್ತೇನೆ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಆತ್ಮವನ್ನು ಕೇಳಬೇಕು, ಮನನ ಮಾಡಬೇಕು, ನಿದಿಧ್ಯಾಸನ, ಅಂದರೆ ಅದರಲ್ಲೇ ನೆಲೆಸುವ ಧ್ಯಾನ, ಮಾಡಬೇಕು ಎನ್ನುತ್ತಾರೆ. ನಾವು ಕೇಳುವುದರಲ್ಲೇ ನಿಂತುಬಿಡುತ್ತೇವೆ. 700 ಶ್ಲೋಕ ಓದಿಯೂ ಮನನಕ್ಕೆ ಒಂದೂ ಸಿಗದೆ ಹೋಗಬಹುದು.

ಎಲ್ಲಿಂದ ಶುರು?

ಎರಡನೆಯ ಅಧ್ಯಾಯದ 54ನೇ ಶ್ಲೋಕದಿಂದ. ಸ್ಥಿತಪ್ರಜ್ಞ, ಅಂದರೆ ಬುದ್ಧಿ ನೆಲೆಗೊಂಡವನು, ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಅರ್ಜುನ ಅಲ್ಲಿ ಕೇಳುತ್ತಾನೆ. ನಮ್ಮ ನಿಮ್ಮ ಬಾಯಲ್ಲೂ ಬರಬಹುದಾದ ಪ್ರಶ್ನೆ. ಅಲ್ಲಿಂದ ಅಧ್ಯಾಯದ ಕೊನೆಯವರೆಗೆ 19 ಶ್ಲೋಕ. ಗಾಂಧೀಜಿಯವರ ಆಶ್ರಮದ ಸಂಜೆಯ ಪ್ರಾರ್ಥನೆಯಲ್ಲಿ ಹೇಳುತ್ತಿದ್ದುದು ಇವನ್ನೇ.

ಮೂಲದ ಜೊತೆ ಪದಪದದ ಅರ್ಥವಿರುವ ಒಂದೇ ಪುಸ್ತಕ ಇಟ್ಟುಕೊಳ್ಳಿ. ಇಲ್ಲೇ ಶಾಲೆ ಕಲಿತ ಮಕ್ಕಳಿಗೆ ಕನ್ನಡ ಲಿಪಿ ತಡವರಿಸಿದರೆ ಮೂಲವನ್ನು ದೇವನಾಗರಿಯಲ್ಲಿ ಓದಲಿ, ಅರ್ಥವನ್ನು ನೀವು ಕನ್ನಡದಲ್ಲಿ ಹೇಳಿ. ಇಬ್ಬರಿಗೂ ಕಲಿಕೆಯಾಗುತ್ತದೆ.

ಮೊದಲ ಎರಡು ದಿನ ಅರ್ಥದ ಗೊಡವೆ ಬೇಡ. ಗಟ್ಟಿಯಾಗಿ ಓದಿ, ಪಾದಕ್ಕೊಮ್ಮೆ ನಿಲ್ಲಿಸಿ. ಬಾಯಿಪಾಠವಾದರೆ ಡೊಂಬಿವಲಿ ಲೋಕಲ್ ರೈಲಿನ ನೂಕುನುಗ್ಗಲಲ್ಲೂ ಪುಸ್ತಕ ತೆಗೆಯದೆ ಮನನ ನಡೆಯುತ್ತದೆ.

ಮನನ ಹೇಗೆ?

70ನೇ ಶ್ಲೋಕವನ್ನೇ ನೋಡೋಣ:

ಆಪೂರ್ಯಮಾಣಮಚಲಪ್ರತಿಷ್ಠಂ
ಸಮುದ್ರಮಾಪಃ ಪ್ರವಿಶಂತಿ ಯದ್ವತ್ |
ತದ್ವತ್ಕಾಮಾ ಯಂ ಪ್ರವಿಶಂತಿ ಸರ್ವೇ
ಸ ಶಾಂತಿಮಾಪ್ನೋತಿ ನ ಕಾಮಕಾಮೀ ||

ತುಂಬುತ್ತಲೇ ಇದ್ದರೂ ನೆಲೆ ಬಿಡದ ಸಮುದ್ರವನ್ನು ನೀರು ಹೊಗುವಂತೆ ಯಾರನ್ನು ಕಾಮನೆಗಳೆಲ್ಲ ಹೊಗುತ್ತವೋ ಅವನಿಗೆ ಶಾಂತಿ, ಕಾಮನೆಗಳನ್ನೇ ಬಯಸುವವನಿಗಲ್ಲ.

ಈಗ ಸಂಕೋಚವಿಲ್ಲದೆ ಪ್ರಶ್ನೆ ಹಾಕಿ. ಸಮುದ್ರ ಕದಲುವುದಿಲ್ಲವೇ? ಜುಲೈಯ ಭರತದಲ್ಲಿ ಮರೀನ್ ಡ್ರೈವಿನ ಗೋಡೆ ಹಾರಿ ರಸ್ತೆಗೆ ಬೀಳುವ ಅಲೆ ಕಂಡವರು ಇದನ್ನು ಕೇಳಲೇಬೇಕು. ಕೇಳಿದ ಮೇಲೆ ಪದಕ್ಕೆ ಮರಳಿ. ‘ಅಚಲ’ ಎಂದಿರುವುದು ಪ್ರತಿಷ್ಠೆಗೆ, ಅಂದರೆ ನೆಲೆಗೆ. ಅಲೆ ಏಳುವುದಿಲ್ಲ ಎಂದು ಶ್ಲೋಕ ಹೇಳಿಯೇ ಇಲ್ಲ.

‘ಆಪೂರ್ಯಮಾಣ’ ಎಂದರೆ ತುಂಬುತ್ತಲೇ ಇರುವ. ನೀರು ಬರುವುದು ನಿಲ್ಲುವುದಿಲ್ಲ. ಮಿಠಿ ನದಿ ಊರಿನ ಕೊಳೆಯನ್ನೆಲ್ಲ ಹೊತ್ತು ಮಾಹಿಮ್ ಖಾಡಿಗೆ ಬರುತ್ತದೆ, ಸಮುದ್ರ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಇದೇ ಮಿಠಿ ದಂಡೆ ಮೀರಿ ಊರೊಳಗೆ ನುಗ್ಗಿತು. ಬಂದ ನೀರನ್ನು ನದಿ ತಾಳಿಕೊಳ್ಳಲಿಲ್ಲ. ಆಸೆ ಬಂದಾಗ ನಾನು ನದಿಯೋ ಸಮುದ್ರವೋ? ಆಸೆ ಹುಟ್ಟಿದ್ದಕ್ಕೇ ಸೋತೆನೆಂದು ಕೊರಗುತ್ತಿದ್ದ ನನಗೆ ಈ ಒಂದು ಪದ ದೊಡ್ಡ ಸಮಾಧಾನ ಕೊಟ್ಟಿತು.

ವಾರದ ಕೊನೆಗೆ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಒಂದೇ ವಾಕ್ಯ ಬರೆಯಿರಿ. ‘ಶಾಂತಿ ಮುಖ್ಯ’ ಎಂಬಂಥ ಮಾತು ಬೇಡ, ನಡೆದದ್ದನ್ನು ಬರೆಯಿರಿ. ನನ್ನದೊಂದು ಹೀಗಿದೆ: ‘ಲೋಕಲಿನಲ್ಲಿ ಮೂವರ ಬೆಂಚಿನ ನಾಲ್ಕನೇ ಸೀಟಿಗಾಗಿ ಜಗಳವಾಡಿದೆ, ಸೀಟು ಬೇಕೆನಿಸಿದ್ದು ಸಹಜ, ಸಿಗದಾಗ ನೆಲೆ ತಪ್ಪಿದೆ.’

ನಿಮ್ಮ ಮನೆಯ ಗ್ರಂಥ ವಚನವಾಗಿರಲಿ, ಬೈಬಲ್ ಆಗಿರಲಿ, ಕುರಾನ್ ಆಗಿರಲಿ, ಹೀಗೆಯೇ ಓದಬಹುದು.

ವ್ಯಾಖ್ಯಾನ ಯಾವಾಗ?

ನಿಮ್ಮ ವಾಕ್ಯ ಬರೆದಾದ ಮೇಲೆ. ಶಂಕರ, ರಾಮಾನುಜ, ಮಧ್ವ ಮೂವರೂ ಗೀತೆಗೆ ಭಾಷ್ಯ ಬರೆದಿದ್ದಾರೆ, ಮೂವರ ದಾರಿ ಬೇರೆ. ಮೊದಲ ವಾರವೇ ಮೂರನ್ನೂ ಹರಡಿಕೊಂಡರೆ ಶ್ಲೋಕ ಕೈತಪ್ಪುತ್ತದೆ. ಮರಾಠಿ ಬಲ್ಲ ನಮಗೆ ಇಲ್ಲೊಂದು ಭಾಗ್ಯವಿದೆ: ಸಂತ ಜ್ಞಾನೇಶ್ವರರು 1290ರಲ್ಲಿ ಗೀತೆಗೆ ಮರಾಠಿಯಲ್ಲಿ ರಚಿಸಿದ ವ್ಯಾಖ್ಯಾನ, ಜ್ಞಾನೇಶ್ವರಿ. ಭಾಷೆ ಹಳೆಯದು, ಅರ್ಥ ಕೊಟ್ಟಿರುವ ಪ್ರತಿಯನ್ನೇ ಹಿಡಿಯಿರಿ. ಇದೇ ಶ್ಲೋಕದಲ್ಲಿ ಜ್ಞಾನೇಶ್ವರರು ಮೂಲದಲ್ಲಿಲ್ಲದ ಒಂದು ಮಾತು ಸೇರಿಸುತ್ತಾರೆ: ನದಿಗಳೆಲ್ಲ ಉಕ್ಕಿ ಬಂದಾಗ ಸಮುದ್ರ ಹೆಚ್ಚುವುದಿಲ್ಲ, ಬೇಸಿಗೆಯಲ್ಲಿ ಅವೆಲ್ಲ ಬತ್ತಿದಾಗ ಕಡಿಮೆಯಾಗುವುದೂ ಇಲ್ಲ. ಬಂದದ್ದರ ಬಗ್ಗೆ ಮಾತ್ರ ಯೋಚಿಸುತ್ತಿದ್ದ ನಾನು ಬಾರದೇ ಹೋದದ್ದರ ಬಗ್ಗೆ ಇನ್ನೊಂದು ವಾರ ಅದೇ ಶ್ಲೋಕದಲ್ಲಿ ಉಳಿದೆ.